ತನ್ನೆಣ್ಣೆ

ಮಲ್ಪೆಯ ಲಾರಿ ಹರಿಹರದ ಸೇತುವೆ ದಾಟುವಾಗ ಇನ್ನೂ ನಸುಕು.
ಹಿಂಬದಿಯ ತೂತಿನಿಂದ ಐಸುನೀರು ತೊಟ್ಟಿಕ್ಕುತ್ತ ಬರುತ್ತದೆ.
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿದ್ದರೆ
ಗೂಡ್ಸ್ ಗಾಡಿ ಹೋಗಿ ಮುಗಿಯುವ ತನಕ
ಅಲ್ಲೊಂದು ಅಂಗೈಯಗಲ ಕಡಲು.

ಸೋಮವಾರ ನನ್ನ ಕೆಲಸ: ಹನ್ನೆರಡು ಬೂತಾಯಿ,
ಆರಿಸಕೂಡದು, ಕಣ್ಣುಮುಚ್ಚಿ ತೆಗೆಯಬೇಕು,
ಹಾಲಮ್ಮ ಮೇಡಂ ಕಟ್ಟಳೆ.
ಜೈತುನ್‌ಬಿಗೆ ನಗು: "ಮೀನು ಮುಟ್ಟದ ಮನೆಯಾಕಿ,
ಮೀನು ಏನು ತಿಂತು ಅಂತ ಆಕಿಗ್ಯಾಕೆ ತಿಪ್ಪಕ್ಕಾ?"
ನನಗೂ ಗೊತ್ತಿರಲಿಲ್ಲ. ಹದಿನಾರು ವರ್ಷದ ಹಿಂದೆ
ಕಾಲೇಜಿಗೆ ಗಾಜು ತೊಳೆಯಲು ಬಂದವಳು ನಾನು.

ಹಿಂದಿನ ಕೋಣೆ, ಫಾರ್ಮಲಿನ್ ವಾಸನೆ.
ಹೊಟ್ಟೆ ಸೀಳಿ, ಒಳಗಿನದನ್ನು ತೊಳೆದು, ಗಾಜಿನ ಮೇಲೆ ಒಂದು ಹನಿ.
ಮೊದಲ ಸಲ ಕಣ್ಣಿಟ್ಟದ್ದು ನೆನಪಿದೆ:
ಬಳೆಚೂರು, ಬಾಚಣಿಗೆಯ ಹಲ್ಲು,
ಯಾರದೋ ಕಿವಿಯಿಂದ ಬಿದ್ದ ಓಲೆಯ ಹಾಗೆ
ದುಂಡಗೆ ಒಂದು, ಮೈತುಂಬ ತೂತು,
ತೂತಿನಲ್ಲೆಲ್ಲ ಬೆಳಕು.
"ಬೇರಿಲ್ಲ, ಕಾಂಡವಿಲ್ಲ, ಆದರೂ ಬಿಸಿಲುಂಡು ಬದುಕುತ್ತವೆ,
ತಮ್ಮ ಗಾಜಿನ ಗೂಡು ತಾವೇ ಕಟ್ಟಿಕೊಂಡು" ಅಂದರು ಮೇಡಂ.
ಎಣಿಸಲು ಕಲಿಸಿದರು.

ಎಣಿಸುತ್ತ ಕೇಳಿದೆ: ಇವಕ್ಕೆ ಗೊಬ್ಬರ ಹಾಕುವವರು ಯಾರು?
ಎರೆಹೊಲದವಳಿಗೆ ಎರೆಹೊಲದ ಮಾತಲ್ಲೇ ಹೇಳಿದರು:
ಕಡಲಿಗೂ ಮಾಗಿ ಉಳುಮೆಯಿದೆ, ಅದು ಮುಂಗಾರಿನಲ್ಲಿ.
ಗಾಳಿ ದಡದ ಗುಂಟ ನೇಗಿಲು ಹೂಡುತ್ತದೆ,
ಮೇಲಿನ ನೀರು ಆಚೆ ಸರಿಯುತ್ತದೆ,
ತಳದ ತಣ್ಣೀರು, ಎಷ್ಟೋ ಕಾಲದಿಂದ ಕೊಳೆತದ್ದೆಲ್ಲ ಹೊತ್ತು,
ಬೆಳಕಿಗೆ ಏಳುತ್ತದೆ.
ಕಣ್ಣಿಗೆ ಕಾಣದ ಪೈರು, ಹರದಾರಿಗಟ್ಟಲೆ ಹಸಿರು.

ಮೇಲಿನ ನೀರು ಕಾದರೆ?
ಕೆನೆಯ ಹಾಗೆ ದಪ್ಪಗೆ ಕೂತುಬಿಡುತ್ತದೆ,
ನೇಗಿಲು ತಳ ಮುಟ್ಟುವುದಿಲ್ಲ.
ಗಾಳಿ ಅತಿಯಾದ ವರ್ಷವೂ ಒಳ್ಳೆಯದಲ್ಲವಂತೆ:
ತೀರ ಅಡಿಯಿಂದ ಎದ್ದ ನೀರಿಗೆ ಉಸಿರಿರುವುದಿಲ್ಲ,
ಪೈರು ಬಂದರೂ ಮೇಯುವವರು ಓಡಿಹೋಗುತ್ತಾರೆ.

ಹಳೆಯ ರಿಜಿಸ್ಟರಿನಲ್ಲಿ ಗೀಟಿಗೆ ಜಾಗ ಸಾಲದೆ
ಅಂಚು ದಾಟಿ, ರಟ್ಟಿನ ಮೇಲೂ ಎಳೆದಿದ್ದೆ.
ಈ ಆಗಸ್ಟು: ಓಲೆ ಮೂರು. ಬಾಚಣಿಗೆ ಇಲ್ಲ.
ಬಾಲದ ಕೆಂಚು ಕಣ ಒಂದಷ್ಟು, ಉಳಿದದ್ದು ಲೋಳೆ.
ಒಂಬತ್ತನೆಯದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ.
ಏನೂ ಇಲ್ಲದ್ದನ್ನು ಹೇಗೆ ಬರೆಯುವುದೆಂದು
ಸುಮಾರು ಹೊತ್ತು ಪೆನ್ನು ಹಿಡಿದು ಕೂತಿದ್ದೆ.

ಮೇಡಂ ಅವಸರದವರಲ್ಲ.
"ಬೂತಾಯಿ ಹಿಂದೆಯೂ ಮುನಿಸಿಕೊಂಡು ಹೋಗಿದೆ, ಮರಳಿದೆ.
ಒಂದು ವರ್ಷಕ್ಕೆ ತೀರ್ಪು ಬೇಡ. ಎಣಿಸು."

ಆದರೆ ಜೈತುನ್‌ಬಿ ಅಂದದ್ದನ್ನು
ಯಾವ ಅಂಕಣದಲ್ಲಿ ಬರೆಯಲಿ?
"ಮೊದಲು ಕಾವಲಿಗೆ ಹಾಕಿದ್ರೆ ಸಾಕಿತ್ತು,
ತನ್ನೆಣ್ಣೇಲೇ ತಾನು ಬೇಯ್ತಿತ್ತು.
ಈಗ ಶೇಂಗಾ ಎಣ್ಣೆ ಸುರೀಬೇಕು.
ಹಮಾಲರು ಕೇಳ್ತಾರೆ, ಇದು ಮೀನಿನ ದುಡ್ಡೋ ಎಣ್ಣೆ ದುಡ್ಡೋ?"
ಕೊನೆಗೆ ಷರಾ ಅಂತ ಇರುವ ಕಡೆ ಅಷ್ಟನ್ನೂ ಇಳಿಸಿದೆ,
ಹೊಡೆದುಹಾಕುತ್ತಾರೆ ಅಂದುಕೊಂಡು.

ಮೇಡಂ ಎರಡು ಸಲ ಓದಿದರು.
ಕನ್ನಡಕ ತೆಗೆದು ಕೇಳಿದರು: "ಯಾವಾಗಿನಿಂದ?"

ಮುಂದಿನ ಸೋಮವಾರ ಸೆರಗು ಸಿಕ್ಕಿಸಿಕೊಂಡು
ಹೊಗೆ ಹಿಡಿದ ತಗಡಿನಡಿ ಬಂದು ನಿಂತರು,
ಮೂಗು ಮುಚ್ಚಿಕೊಳ್ಳಲಿಲ್ಲ.
ಜೈತುನ್‌ಬಿ ಬೆರಳು ಮಡಿಸಿದಳು:
ದೊಡ್ಡಾಕಿ ನಿಕಾದ ವರ್ಷ ಒಲೆಗೆಲ್ಲ ಎಣ್ಣೆ ಹಾರಿ ಭಗ್ಗೆಂದಿತ್ತು,
ಗಂಡ ತೀರಿದ ವರ್ಷ, ಇತ್ತು, ಕಮ್ಮಿ,
ಮೊಮ್ಮಗ ಹುಟ್ಟಿದಾಗ... ಬೆರಳು ಅಲ್ಲೇ ನಿಂತಿತು.
ನಾನು ಬರೆದುಕೊಂಡೆ.

ಕಾವಲಿ ಕಾದಿತ್ತು. ಎಣ್ಣೆ ಹಾಕದೆ ಒಂದನ್ನು ಇಟ್ಟಳು.
ಮೂವರೂ ಬಗ್ಗಿ ನೋಡುತ್ತ ನಿಂತೆವು.

ಮೀನು ಅಂಟಿಕೊಂಡಿತು.